ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್ (ಕಾದಂಬರಿ)

ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್ ಜರ್ಮನ್ ಲೇಖಕ ಎರಿಕ್ ಮರಿಯಾ ರೆಮಾರ್ಕ್ (1898–1970) ಅವರ ಕಾದಂಬರಿ. ಮೂಲ ಜರ್ಮನ್ ಶೀರ್ಷಿಕೆಗೆ ‘ಪಶ್ಚಿಮದಲ್ಲಿ ಹೊಸತೇನೂ ಇಲ್ಲ’ ಎಂಬ ಅರ್ಥವಿದೆ. ಶಾಲೆಯಿಂದ ನೇರವಾಗಿ ಮೊದಲ ಮಹಾಯುದ್ಧದ ಕಂದಕಗಳಿಗೆ ಹೋದ ಹುಡುಗರು ತಮ್ಮ ಮುಗ್ಧತೆಯನ್ನು ಕಳೆದುಕೊಳ್ಳುವ ಬಗೆಯನ್ನು ಇದು ಚಿತ್ರಿಸುತ್ತದೆ.

ಹಿನ್ನೆಲೆ

ರೆಮಾರ್ಕ್ ಓಸ್ನಾಬ್ರುಕ್ ನಗರದಲ್ಲಿ ಜನಿಸಿದರು. ಶಿಕ್ಷಕ ತರಬೇತಿ ಪಡೆಯುತ್ತಿದ್ದ ಅವರನ್ನು 1916ರ ನವೆಂಬರ್‌ನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಲಾಯಿತು. 1917ರ ಜುಲೈ 31ರಂದು ಅವರು ಗಾಯಗೊಂಡು ಆಸ್ಪತ್ರೆ ಸೇರಿದರು. ಯುದ್ಧದ ನಂತರ ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಕಾದಂಬರಿಯು 1928ರ ಕೊನೆಯಲ್ಲಿ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಕಟವಾಗಿ, 1929ರ ಜನವರಿಯಲ್ಲಿ ಪುಸ್ತಕರೂಪ ಪಡೆಯಿತು. ಎ. ಡಬ್ಲ್ಯೂ. ವೀನ್ ಅವರ ಇಂಗ್ಲಿಷ್ ಅನುವಾದವೂ ಅದೇ ವರ್ಷ ಹೊರಬಂದಿತು.

ಕಥಾವಸ್ತು

ಕಥಾನಾಯಕ ಪಾಲ್ ಬಾಯ್ಮರ್ ಕಥೆಯನ್ನು ಉತ್ತಮ ಪುರುಷದಲ್ಲಿ ನಿರೂಪಿಸುತ್ತಾನೆ. ಶಾಲಾ ಶಿಕ್ಷಕ ಕಾಂಟೊರೆಕ್‌ನ ದೇಶಭಕ್ತಿಯ ಭಾಷಣಗಳಿಂದ ಪ್ರೇರಿತವಾಗಿ ಇಡೀ ತರಗತಿಯೇ ಸೈನ್ಯಕ್ಕೆ ಸೇರುತ್ತದೆ. ಯುದ್ಧರಂಗದಲ್ಲಿ ಕಾಟ್ ಎಂಬ ನಡುವಯಸ್ಸಿನ ಸೈನಿಕನು ಹುಡುಗರಿಗೆ ಆಸರೆಯಾಗುತ್ತಾನೆ. ಸಹಪಾಠಿಗಳು ಒಬ್ಬೊಬ್ಬರಾಗಿ ಸಾಯುತ್ತಾರೆ ಅಥವಾ ಗಾಯಗೊಂಡು ದೂರವಾಗುತ್ತಾರೆ. ಕಾಟ್ ಕೂಡ ಸಾಯುತ್ತಾನೆ. 1918ರ ಅಕ್ಟೋಬರ್‌ನಲ್ಲಿ ಪಾಲ್ ಮಡಿಯುತ್ತಾನೆ. ಈ ಸಾವನ್ನು ಮಾತ್ರ ಪ್ರಥಮ ಪುರುಷದಲ್ಲಿ ಹೇಳಲಾಗಿದೆ. ಅಂದಿನ ಸೇನಾ ವರದಿಯಲ್ಲಿ ವಿಶೇಷವಾದುದೇನೂ ದಾಖಲಾಗುವುದಿಲ್ಲ. ಶೀರ್ಷಿಕೆಯ ವ್ಯಂಗ್ಯ ಇಲ್ಲಿದೆ.

ಮುಗ್ಧತೆಯ ನಾಶ

ಕಾದಂಬರಿಯಲ್ಲಿ ಮೊದಲು ನಾಶವಾಗುವುದು ಹಿರಿಯರ ಮಾತಿನ ಮೇಲಿನ ನಂಬಿಕೆ. ಸೇರಲು ಹಿಂಜರಿದಿದ್ದ ಬೆಮ್ ಎಂಬ ಹುಡುಗನೇ ಮೊದಲು ಸಾಯುವವರಲ್ಲಿ ಒಬ್ಬನಾಗುತ್ತಾನೆ. ತಿಳಿವಳಿಕೆಯುಳ್ಳವರೆಂದು ತಾವು ಗೌರವಿಸಿದ ಗುರುಗಳಿಗೆ ಯುದ್ಧವೆಂದರೇನೆಂದೇ ತಿಳಿದಿರಲಿಲ್ಲ ಎಂಬುದು ಹುಡುಗರಿಗೆ ಅರಿವಾಗುತ್ತದೆ.

ಎರಡನೆಯದು ಸಾವಿನ ಬಗೆಗಿನ ಸಂಕೋಚ. ಕಾಲು ಕಳೆದುಕೊಂಡು ಸಾಯುತ್ತಿರುವ ಕೆಮ್ಮರಿಕ್‌ನ ಬೂಟುಗಳ ಮೇಲೆ ಗೆಳೆಯ ಮ್ಯುಲ್ಲರ್ ಕಣ್ಣಿಡುತ್ತಾನೆ. ಇದು ಕ್ರೌರ್ಯವಲ್ಲ, ಬದುಕುಳಿಯಲು ಕಲಿತ ಲೆಕ್ಕಾಚಾರ. ಮ್ಯುಲ್ಲರ್ ಸತ್ತ ಮೇಲೆ ಅದೇ ಬೂಟುಗಳು ಪಾಲ್‌ಗೆ ಬರುತ್ತವೆ.

ಮೂರನೆಯದು ಕೊಲೆಯ ಅನುಭವ. ಗುಂಡಿಯೊಂದರಲ್ಲಿ ಅಡಗಿದ್ದ ಪಾಲ್, ಒಳಗೆ ಬಿದ್ದ ಫ್ರೆಂಚ್ ಸೈನಿಕನನ್ನು ಇರಿಯುತ್ತಾನೆ. ಬಳಿಕ ಅವನಿಗೆ ನೀರು ಕೊಟ್ಟು, ಗಾಯಗಳಿಗೆ ಕಟ್ಟು ಹಾಕುತ್ತಾನೆ. ಸತ್ತವನ ಬಳಿಯಿದ್ದ ಕಾಗದಪತ್ರಗಳಿಂದ ಅವನೊಬ್ಬ ಮುದ್ರಣಕಾರ, ಹೆಂಡತಿ ಮತ್ತು ಮಗಳುಳ್ಳವನು ಎಂಬುದು ತಿಳಿಯುತ್ತದೆ. ಶತ್ರು ಎಂಬ ಪದಕ್ಕೆ ಆಗ ಅರ್ಥವೇ ಉಳಿಯುವುದಿಲ್ಲ.

ಕೊನೆಯದಾಗಿ ಮನೆಯೂ ಪರಕೀಯವಾಗುತ್ತದೆ. ರಜೆಯಲ್ಲಿ ಬಂದ ಪಾಲ್‌ನನ್ನು ಅವನ ಕೋಣೆಯಲ್ಲಿರುವ ಪ್ರಿಯ ಪುಸ್ತಕಗಳು ಸೆಳೆಯುವುದಿಲ್ಲ. ಕೆಮ್ಮರಿಕ್‌ನ ತಾಯಿಗೆ, ಮಗ ನರಳದೆ ತಕ್ಷಣ ಸತ್ತನೆಂದು ಅವನು ಸುಳ್ಳು ಹೇಳಬೇಕಾಗುತ್ತದೆ. ಹಿರಿಯ ಸೈನಿಕರಿಗೆ ಮರಳಲು ಸಂಸಾರವೋ ಕಸುಬೋ ಇದೆ. ಬದುಕನ್ನು ಆರಂಭಿಸಿಯೇ ಇರದ ಈ ಹುಡುಗರಿಗೆ ಅಂಥದ್ದೇನೂ ಇಲ್ಲ.

ಪ್ರಭಾವ

ಲೂಯಿಸ್ ಮೈಲ್‌ಸ್ಟೋನ್ ನಿರ್ದೇಶಿಸಿದ 1930ರ ಚಲನಚಿತ್ರವು ಅತ್ಯುತ್ತಮ ಚಿತ್ರ ಮತ್ತು ನಿರ್ದೇಶನಕ್ಕಾಗಿ ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಗೊಬೆಲ್ಸ್ ನೇತೃತ್ವದ ನಾಜಿಗಳು ಬರ್ಲಿನ್ನಿನಲ್ಲಿ ಅದರ ಪ್ರದರ್ಶನಕ್ಕೆ ಅಡ್ಡಿಪಡಿಸಿದರು. ಯುವಕರ ವೀರಾವೇಶವನ್ನೇ ಬಂಡವಾಳವಾಗಿಸಿಕೊಂಡಿದ್ದ ಅವರಿಗೆ ಈ ಕೃತಿ ಅಸಹನೀಯವಾಗಿತ್ತು. 1933ರ ಮೇ ತಿಂಗಳಲ್ಲಿ ರೆಮಾರ್ಕ್ ಅವರ ಪುಸ್ತಕಗಳನ್ನು ಸಾರ್ವಜನಿಕವಾಗಿ ಸುಡಲಾಯಿತು. 1938ರಲ್ಲಿ ಅವರ ಜರ್ಮನ್ ಪೌರತ್ವವನ್ನು ಕಿತ್ತುಕೊಳ್ಳಲಾಯಿತು. ಎಡ್ವರ್ಡ್ ಬರ್ಗರ್ ನಿರ್ದೇಶನದ 2022ರ ಜರ್ಮನ್ ಚಿತ್ರವು ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರ ಸೇರಿದಂತೆ ನಾಲ್ಕು ಆಸ್ಕರ್‌ಗಳನ್ನು ಗಳಿಸಿತು.