ಅನ್ನಪ್ರಾಶನವೂ ನೆರೆಮನೆಯ ಒಲೆಯೂ

ಷೋಡಶ ಸಂಸ್ಕಾರಗಳಲ್ಲಿ ಅನ್ನಪ್ರಾಶನವೂ ಒಂದೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಆಶ್ವಲಾಯನ ಗೃಹ್ಯಸೂತ್ರವು ಇದನ್ನು ಶಿಶುವಿನ ಆರನೆಯ ತಿಂಗಳಿನಲ್ಲಿ ವಿಧಿಸಿ, ಮೊಸರು, ಜೇನು, ತುಪ್ಪ ಇವುಗಳನ್ನು ಬೆರೆಸಿದ ಅನ್ನವನ್ನು ಉಣಿಸತಕ್ಕದ್ದೆಂದು ಹೇಳುತ್ತದೆ. (ವರ್ಷ ತುಂಬದ ಕೂಸಿಗೆ ಜೇನು ಕೂಡದೆಂದು ಈಗಿನ ವೈದ್ಯರು ನಿಷೇಧಿಸಿರುವರು, ಅವರ ಮಾತನ್ನು ಮೀರತಕ್ಕದ್ದಲ್ಲ.) ಸುಶ್ರುತಾಚಾರ್ಯನೂ ಆರನೆಯ ತಿಂಗಳನ್ನೇ ಹೇಳಿ, ಆ ಆಹಾರವು ಲಘುವೂ ಹಿತವೂ ಆಗಿರಬೇಕೆನ್ನುವನು. ಕಾಶ್ಯಪ ಸಂಹಿತೆಯಾದರೋ ಆರನೆಯ ತಿಂಗಳಿನಲ್ಲಿ ಹಣ್ಣನ್ನು ಕೊಡಿಸಿ, ಅನ್ನವನ್ನು ಹತ್ತನೆಯ ತಿಂಗಳ ಸುಮಾರಿಗೆ ಮುಂದೂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು 2001ರಲ್ಲಿ ಲೋಕಕ್ಕೆಲ್ಲ ಹೇಳಿದುದೂ ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು, ಅನಂತರ ಹಾಲಿನೊಡನೆ ಬೇರೆ ಆಹಾರವೂ ಬೇಕು ಎಂದೇ.

ಶಾಸ್ತ್ರವು ಮೊದಲ ತುತ್ತಿನ ಕಾಲವನ್ನೂ ಮಂತ್ರವನ್ನೂ ಹೇಳಿತು. ಆದರೆ ಎರಡನೆಯ ದಿನದ ತುತ್ತನ್ನು ಹೇಳಿದವರು ಯಾರು? ಕೂಸು ಉಗುಳಿದರೆ ಏನು ಮಾಡಬೇಕು, ಭೇದಿಯಾದಾಗ ಉಣಿಸಬಹುದೇ, ದಿನಕ್ಕೆ ಎಷ್ಟು ಸಲ ಎಂಬ ವಿದ್ಯೆಯೆಲ್ಲವೂ ಅತ್ತೆ, ಓರಗಿತ್ತಿ, ನೆರೆಮನೆಯಾಕೆ ಇವರ ಬಾಯಲ್ಲಿಯೇ ಉಳಿಯಿತು. ನಮ್ಮ ಬಯಲುಸೀಮೆಯ ರಾಗಿ ಸರಿಯನ್ನೇ ನೋಡಿರಿ. ರಾಗಿಯನ್ನು ನೆನೆಯಿಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿ ತೆಗೆದ ಹಿಟ್ಟಿನ ಗಂಜಿಯು ಬೇಗನೆ ಗಟ್ಟಿಯಾಗುವುದಿಲ್ಲ. ಮೊಳಕೆಯಲ್ಲಿ ಹುಟ್ಟುವ ಸತ್ತ್ವವೊಂದು ಪಿಷ್ಟವನ್ನು ಒಡೆಯುವುದೇ ಇದಕ್ಕೆ ಕಾರಣ. ಆದುದರಿಂದ ಕೂಸಿನ ಚಿಕ್ಕ ಹೊಟ್ಟೆಗೆ ಅಷ್ಟೇ ಗಂಜಿಯಲ್ಲಿ ಹೆಚ್ಚು ಧಾನ್ಯವು ಸೇರುವುದು. ಕಾರಣವನ್ನು ರಸಾಯನಶಾಸ್ತ್ರಜ್ಞರು ವಿವರಿಸುವುದಕ್ಕೆ ಎಷ್ಟೋ ಮೊದಲೇ ನಮ್ಮ ಹೆಂಗಸರು ಕ್ರಮವನ್ನು ಕಂಡುಕೊಂಡಿದ್ದರು.

ಇಂತಹ ವಿದ್ಯೆಯು ಊರಿನಲ್ಲಿದ್ದೂ ನೆರೆಮನೆಗೆ ದಾಟದಿದ್ದರೆ ಏನಾಗುವುದೆಂಬುದಕ್ಕೆ ವಿಯೆಟ್ನಾಂ ದೇಶದಲ್ಲಿ ನಡೆದ ಒಂದು ವೃತ್ತಾಂತವು ಸಾಕ್ಷಿಯಾಗಿದೆ. 1990ರ ಕಡೆಯಲ್ಲಿ ಜೆರ್ರಿ ಸ್ಟರ್ನಿನ್ ಮತ್ತು ಮೋನಿಕ್ ಸ್ಟರ್ನಿನ್ ಎಂಬ ದಂಪತಿಗಳು 'ಸೇವ್ ದ ಚಿಲ್ಡ್ರನ್' ಸಂಸ್ಥೆಯ ಪರವಾಗಿ ಅಲ್ಲಿಗೆ ಹೋದರು. ಆರು ತಿಂಗಳೊಳಗಾಗಿ ಫಲವನ್ನು ತೋರಿಸಬೇಕೆಂದು ಸರಕಾರದವರು ಅವರಿಗೆ ಗಡುವು ಕೊಟ್ಟರು. ಥಾನ್ ಹೋವಾ ಪ್ರಾಂತ್ಯದ ನಾಲ್ಕು ಹಳ್ಳಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳನ್ನು ತೂಗಿಸಿದಾಗ, ಮೂವರಲ್ಲಿ ಸುಮಾರು ಇಬ್ಬರು ಪೋಷಣೆ ಸಾಲದೆ ಕೃಶರಾಗಿದ್ದರು. ಹೊರಗಿನವರು ಆಹಾರವನ್ನು ಹಂಚಿದಷ್ಟು ದಿನ ಮಕ್ಕಳು ಚೇತರಿಸಿಕೊಳ್ಳುವುದು, ಹಂಚಿಕೆ ನಿಂತೊಡನೆ ಮತ್ತೆ ಸೊರಗುವುದು, ಇದು ಎಲ್ಲ ಕಡೆಯೂ ಕಂಡ ಅನುಭವವಾಗಿತ್ತು.

ಸ್ಟರ್ನಿನ್ ದಂಪತಿಗಳು ಪ್ರಶ್ನೆಯನ್ನೇ ತಿರುಗಿಸಿದರು. ಕಡುಬಡವರ ಮನೆಯಲ್ಲಿ ಹುಟ್ಟಿಯೂ ಪುಷ್ಟವಾಗಿರುವ ಮಕ್ಕಳು ಯಾರಾದರೂ ಇರುವರೇ? ಇದ್ದರು. ಆ ಮನೆಗಳಿಗೆ ಊರಿನ ಹೆಂಗಸರೇ ಹೋಗಿ ನೋಡಿದರು. ಅಲ್ಲಿನ ತಾಯಂದಿರು ಗದ್ದೆಯ ನೀರಿನಲ್ಲಿ ದೊರೆಯುವ ಸಣ್ಣ ಸೀಗಡಿ, ಏಡಿಗಳನ್ನೂ ಗೆಣಸಿನ ಬಳ್ಳಿಯ ಸೊಪ್ಪನ್ನೂ ಕೂಸಿನ ಅನ್ನಕ್ಕೆ ಸೇರಿಸುತ್ತಿದ್ದರು. ಇವು ಎಲ್ಲರಿಗೂ ಬಿಟ್ಟಿಯಾಗಿ ಸಿಕ್ಕುವ ವಸ್ತುಗಳೇ. ಆದರೆ ಚಿಕ್ಕ ಮಕ್ಕಳಿಗೆ ಒಗ್ಗುವುದಿಲ್ಲವೆಂದು ಉಳಿದವರು ಬಿಟ್ಟಿದ್ದರು. ಅಲ್ಲದೆ, ಇತರರು ದಿನಕ್ಕೆ ಎರಡು ಸಲ ಉಣಿಸಿದರೆ ಇವರು ಅದನ್ನೇ ಸ್ವಲ್ಪಸ್ವಲ್ಪವಾಗಿ ನಾಲ್ಕು ಸಲ ಉಣಿಸುತ್ತಿದ್ದರು. ಭೇದಿಯಾದಾಗಲೂ ಊಟವನ್ನು ನಿಲ್ಲಿಸುತ್ತಿರಲಿಲ್ಲ. ಮಗುವಿನ ಕೈಯನ್ನು ತೊಳೆಯಿಸುತ್ತಿದ್ದರು.

ಏಡಿ ಸೀಗಡಿಗಳ ಮಾತು ನಮ್ಮ ವಾಚಕರಲ್ಲಿ ಕೆಲವರಿಗೆ ರುಚಿಸಲಿಕ್ಕಿಲ್ಲ. ಅನ್ನಪ್ರಾಶನಕ್ಕೆ ಆಡಿನ ಮಾಂಸವನ್ನೂ ತಿತ್ತಿರಿ ಪಕ್ಷಿಯ ಮಾಂಸವನ್ನೂ ಫಲಭೇದದಿಂದ ಆಶ್ವಲಾಯನನೇ ಹೇಳಿರುವನೆಂಬುದನ್ನು ಅಂಥವರು ನೆನೆಯಬೇಕು.

ಇಷ್ಟು ತಿಳಿದ ಮೇಲೆ ಉಪನ್ಯಾಸವನ್ನು ಏರ್ಪಡಿಸುವುದು ವಿದ್ಯಾವಂತರಾದ ನಮ್ಮಂಥವರಿಗೆ ಮೊದಲು ತೋಚುವ ಉಪಾಯ. ನಾನಾಗಿದ್ದರೆ ಕರಿಹಲಗೆಯನ್ನೇ ತರಿಸುತ್ತಿದ್ದೆನೋ ಏನೋ. ಅವರು ಹಾಗೆ ಮಾಡಲಿಲ್ಲ. ಎರಡು ವಾರಗಳ ಕಾಲ ಕೆಲವು ತಾಯಂದಿರು ದಿನವೂ ನೆರೆಯವಳೊಬ್ಬಳ ಮನೆಯಲ್ಲಿ ಕೂಡತಕ್ಕದ್ದು, ಬರುವಾಗ ಪ್ರತಿಯೊಬ್ಬಳೂ ಒಂದು ಹಿಡಿ ಸೀಗಡಿಯನ್ನೋ ಏಡಿಯನ್ನೋ ಸೊಪ್ಪನ್ನೋ ತಾನೇ ಆರಿಸಿ ತರತಕ್ಕದ್ದು, ಅದೇ ಪ್ರವೇಶಶುಲ್ಕ. ಎಲ್ಲರೂ ಒಂದೇ ಒಲೆಯಲ್ಲಿ ಬೇಯಿಸಿ, ತಮ್ಮ ತಮ್ಮ ಕೂಸುಗಳಿಗೆ ಅಲ್ಲಿಯೇ ಉಣಿಸುವರು. ಒಬ್ಬಳ ಕೂಸು ಬಾಯಿ ಬಿಗಿಹಿಡಿದರೆ, ಅದನ್ನು ರಮಿಸುವ ಬಗೆಯನ್ನು ಬಲ್ಲ ಇನ್ನೊಬ್ಬಳು ಪಕ್ಕದಲ್ಲಿಯೇ ಇರುವಳು. ಹೊರಗಿನವರು ಹೇಳಿದರೆ "ಅವರಿಗೇನು, ಉಳ್ಳವರು" ಎಂದು ತಳ್ಳಿಹಾಕಬಹುದು; ತನ್ನಷ್ಟೇ ಬಡವಳಾದ ನೆರೆಯವಳ ಕೂಸು ಕಣ್ಣೆದುರಿಗೆ ಕೊಬ್ಬಿರುವಾಗ ಹಾಗೆ ಹೇಳುವುದೆಂತು?

ನಮ್ಮಲ್ಲಿಯೂ 1975ರ ಅಕ್ಟೋಬರ್ 2ರಂದು ಪ್ರಾರಂಭವಾದ ಶಿಶು ಅಭಿವೃದ್ಧಿ ಯೋಜನೆಯ ಮೊದಲ ಕ್ಷೇತ್ರಗಳಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಅಂಗನವಾಡಿಯಿಂದ ಹಿಟ್ಟು ಮನೆಗೆ ಬರುವುದು ಬಹು ದೊಡ್ಡ ಉಪಕಾರವೇ ಸರಿ. ಆದರೆ ಹಿಟ್ಟು ಬಂದಷ್ಟು ಸುಲಭವಾಗಿ ಉಣಿಸುವ ಬಗೆಯು ಬಾರದು. ಅವಿಭಕ್ತ ಕುಟುಂಬಗಳು ಒಡೆದು, ಹಿರಿಯರಿಲ್ಲದ ಮನೆಯಲ್ಲಿ ಮೊದಲ ಕೂಸನ್ನು ಎತ್ತಿಕೊಂಡು ಕುಳಿತ ಹುಡುಗಿಯು ಅದನ್ನು ಯಾರನ್ನು ಕೇಳಬೇಕು?

ಥಾನ್ ಹೋವಾದಲ್ಲಿ ಕಾರ್ಯಕ್ರಮವು ಮುಗಿದು ಕೆಲವು ವರ್ಷಗಳಾದ ಬಳಿಕ ಸಂಶೋಧಕರು ಮತ್ತೆ ಹೋಗಿ ಮಕ್ಕಳನ್ನು ತೂಗಿದರು. ಆ ವರದಿಯು 2002ರಲ್ಲಿ ಪ್ರಕಟವಾಯಿತು. ಅಂದು ಒಲೆಯ ಸುತ್ತ ಉಂಡಿದ್ದ ಮಕ್ಕಳ ತಮ್ಮತಂಗಿಯರು, ಎಂದರೆ ಆಗ ಇನ್ನೂ ಹುಟ್ಟದೇ ಇದ್ದ ಕೂಸುಗಳು, ನೆರೆಯ ಹಳ್ಳಿಯ ಸಮವಯಸ್ಕರಿಗಿಂತ ಪುಷ್ಟವಾಗಿದ್ದರು.