ಎಳೆಯರ ಗೆಳೆತನಕ್ಕೆ ಶಾಲೆಯ ಆಸರೆ

ಪ್ರಾಥಮಿಕ ಶಾಲೆಯ ಮಕ್ಕಳ ಗೆಳೆತನ ತಾನಾಗಿ ಕೂಡಿಬರುತ್ತದೆ ಎಂದೇ ಶಿಕ್ಷಣ ವ್ಯವಸ್ಥೆ ಬಹುಕಾಲ ನಂಬಿತ್ತು. ಒಂದು ನೀತಿಕಥೆ ಓದಿಸಿ, ಒಳ್ಳೆಯ ಗೆಳೆಯ ಯಾರು ಎಂಬ ಪ್ರಶ್ನೆಗೆ ಉತ್ತರ ಬರೆಸಿದರೆ ಶಾಲೆಯ ಹೊಣೆ ತೀರುತ್ತಿತ್ತು. ಗೆಳೆತನ ಬೆಳೆಯುವ ಸಂದರ್ಭವನ್ನು ಶಾಲೆಯೇ ಒದಗಿಸಬೇಕು ಎಂಬ ತಿಳಿವಳಿಕೆ ಬಲಗೊಂಡದ್ದು 1930ರ ದಶಕದಿಂದ ಈಚೆಗೆ.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಗೋಲಿಯಾಡುವ ಮಕ್ಕಳನ್ನು ಗಮನಿಸಿ 1932ರಲ್ಲಿ ಪುಸ್ತಕ ಬರೆದರು. ನ್ಯಾಯದ ಅರಿವು ಹಿರಿಯರ ಅಪ್ಪಣೆಗಿಂತ ಓರಗೆಯವರೊಡನೆ ನಡೆಯುವ ವಾದ, ರಾಜಿಗಳಲ್ಲಿ ಚಿಗುರುತ್ತದೆ ಎಂಬುದು ಅವರ ನಿಲುವು. ಅದೇ ಹೊತ್ತಿಗೆ ಅಮೆರಿಕದಲ್ಲಿ ಮನೋವೈದ್ಯ ಜೇಕಬ್ ಮೊರೆನೊ ಗೆಳೆತನದ ನಕ್ಷೆಯನ್ನು ಪರಿಚಯಿಸಿದರು. ಯಾರ ಪಕ್ಕ ಕೂರಲು ಇಷ್ಟ ಎಂದು ಪ್ರತಿ ಮಗುವನ್ನೂ ಕೇಳಿ, ಉತ್ತರಗಳನ್ನು ಗೆರೆಗಳಿಂದ ಜೋಡಿಸುವ ಕ್ರಮ ಅದು. ಯಾರೂ ಹೆಸರಿಸದ ಮಗು ಆ ಹಾಳೆಯಲ್ಲಿ ಮೊದಲ ಬಾರಿಗೆ ಶಿಕ್ಷಕರ ಕಣ್ಣಿಗೆ ಬಿತ್ತು.

ಅದೇ ದಶಕದಲ್ಲಿ ಪುತ್ತೂರಿನ ಪರ್ಲಡ್ಕದಲ್ಲಿ ಶಿವರಾಮ ಕಾರಂತರು ಬಾಲವನವನ್ನು ಕಟ್ಟಿದರು. ಆಟ, ನಾಟಕ, ಕುಣಿತ, ಗಿಡಮರಗಳ ಒಡನಾಟದಲ್ಲಿ ಮಕ್ಕಳು ಕಲಿಯಬೇಕೆಂಬುದು ಅಲ್ಲಿನ ಪ್ರಯೋಗ. ಗೆಳೆತನದ ಸಿದ್ಧಾಂತವನ್ನೇನೂ ಅಲ್ಲಿ ಮಂಡಿಸಲಿಲ್ಲ. ಆದರೂ ನಾಟಕವಾಡುವ ಮಗು ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯಲೇಬೇಕು. ಮಾತು ಮರೆತವನಿಗೆ ಮೆಲ್ಲನೆ ನೆನಪಿಸಲೇಬೇಕು. ಹತ್ತು ನೀತಿಪಾಠಗಳಿಂದ ಆಗದ ಕೆಲಸ ಒಂದು ತಾಲೀಮಿನಲ್ಲಿ ಆಗುತ್ತದೆ.

ಪುತ್ತೂರು, ಸುಳ್ಯ, ಕಡಬ ಸೀಮೆಗೆ ಈ ವಿಚಾರ ವಿಶೇಷವಾಗಿ ಸಲ್ಲುತ್ತದೆ. ಇಲ್ಲಿನ ಒಂದೇ ತರಗತಿಯಲ್ಲಿ ತುಳು, ಹವ್ಯಕ ಕನ್ನಡ, ಅರೆಭಾಷೆ, ಬ್ಯಾರಿ, ಮಲಯಾಳ, ಕೊಂಕಣಿ ಮನೆಮಾತಿನ ಮಕ್ಕಳು ಸೇರುತ್ತಾರೆ. ಒಂದನೇ ತರಗತಿಯ ಮೊದಲ ತಿಂಗಳುಗಳಲ್ಲಿ ಮಗು ತನ್ನ ಮಾತು ತಿಳಿದವರ ಪಕ್ಕವೇ ಕೂರುವುದು ಸಹಜ. ಹಾಗೆಯೇ ಬಿಟ್ಟರೆ ಮನೆಮಾತು, ಜಾತಿ, ಮತಗಳ ಗೆರೆಗಳೇ ಗೆಳೆತನದ ಗೆರೆಗಳಾಗುತ್ತವೆ. ಲಗೋರಿಗೆ, ಕಬಡ್ಡಿಗೆ ಹೆಚ್ಚು ಮಾತು ಬೇಡ. ಶಾಲೆಯ ಕನ್ನಡ ನಾಲಗೆಗೆ ಒಗ್ಗುವ ಮೊದಲೇ ಈ ಆಟಗಳು ಮಕ್ಕಳನ್ನು ಬೆಸೆಯುತ್ತವೆ.

1930ರ ದಶಕದ ನಂತರದ ಸಂಶೋಧನೆ ಶಿಕ್ಷಕರ ಕೈಗೆ ನೇರ ಉಪಾಯಗಳನ್ನು ಕೊಟ್ಟಿತು. ಮನೋವಿಜ್ಞಾನಿ ಎಲಿಯಟ್ ಆರನ್‌ಸನ್ 1971ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ, ಬಿಳಿಯ ಮತ್ತು ಕಪ್ಪು ಮಕ್ಕಳು ಹೊಸದಾಗಿ ಒಂದೇ ಶಾಲೆಗೆ ಬಂದು ಕಿತ್ತಾಡುತ್ತಿದ್ದಾಗ, ಪಾಠವನ್ನು ತುಂಡುಗಳಾಗಿಸಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದನ್ನು ಕೊಟ್ಟರು. ಎಲ್ಲರ ತುಂಡು ಕೂಡಿದರೆ ಮಾತ್ರ ಪಾಠ ಪೂರ್ಣ. 1977ರಲ್ಲಿ ಶೆರ್ರಿ ಓಡನ್ ಮತ್ತು ಸ್ಟೀವನ್ ಆಶರ್, ಮೂರು ನಾಲ್ಕನೇ ತರಗತಿಯ ಒಂಟಿ ಮಕ್ಕಳಿಗೆ ಆಟಕ್ಕೆ ಸೇರಿಕೊಳ್ಳುವುದು, ಸರದಿ ಬಿಟ್ಟುಕೊಡುವುದು, ಮಾತಾಡಿ ಕೇಳಿಸಿಕೊಳ್ಳುವುದು, ಮೆಚ್ಚುಗೆ ಹೇಳುವುದನ್ನು ಹೇಳಿಕೊಟ್ಟರು. ವರ್ಷದ ನಂತರವೂ ಅದರ ಫಲ ಉಳಿದಿತ್ತು. ಸ್ನೇಹದ ಗುಣ ಹುಟ್ಟಿನಿಂದಲೇ ಬರಬೇಕು ಎಂಬ ನಂಬಿಕೆ ಸಡಿಲಗೊಂಡದ್ದು ಇಂಥ ಕೆಲಸಗಳಿಂದ. ನಾರ್ವೆಯ ಡಾನ್ ಓಲ್ವೇಯಸ್ 1983ರಲ್ಲಿ ಆರಂಭಿಸಿದ, ಶಾಲೆಗಳಲ್ಲಿ ಪೀಡನೆ ತಡೆಯುವ ಕಾರ್ಯಕ್ರಮ, ಪೀಡಿಸುವ ಮಗುವಿನ ಜೊತೆಗೆ ನೋಡುತ್ತ ನಿಂತವರ ಹೊಣೆಯನ್ನೂ ಎತ್ತಿ ತೋರಿಸಿತು.

ಕರ್ನಾಟಕದಲ್ಲಿ ದೊಡ್ಡ ಬದಲಾವಣೆ ತಂದದ್ದು ‘ನಲಿ ಕಲಿ’. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ಈ ಪದ್ಧತಿ 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹಬ್ಬಿತು. ಬೇರೆ ಬೇರೆ ತರಗತಿಯ ಮಕ್ಕಳು ನೆಲದ ಮೇಲೆ ವೃತ್ತಾಕಾರವಾಗಿ ಕೂರುವ ‘ತಟ್ಟೆ’ ಎಂಬ ಗುಂಪುಗಳಲ್ಲಿ ಸಹಪಾಠಿಗಳ ನೆರವಿನಿಂದಲೇ ಕಲಿಯುವ ತಟ್ಟೆಯೂ ಇದೆ. ಓದುವುದರ ಜೊತೆಗೆ ಕೇಳುವುದು, ಹೇಳಿಕೊಡುವುದು ಅಲ್ಲಿ ದಿನದ ಅಭ್ಯಾಸ. ಅಕ್ಷರ ದಾಸೋಹದ ಬಿಸಿಯೂಟ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿತು. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿತು. ಶಿಕ್ಷಕರೇ ಹಂಗಿಸುವ ಮಗುವನ್ನು ಗೆಳೆಯರೂ ಹಂಗಿಸುತ್ತಾರೆ; ಆದ್ದರಿಂದ ಈ ನಿಷೇಧ ಗೆಳೆತನಕ್ಕೂ ಸಂಬಂಧಿಸಿದ್ದು.

ಇಂದಿನ ತೊಡಕು ಬೇರೆ. ಒಂದೇ ಊರಿನ ಮಕ್ಕಳು ಬೆಳಿಗ್ಗೆ ಬೇರೆ ಬೇರೆ ಶಾಲೆಗಳ ವಾಹನ ಹತ್ತಿ ಹೋಗುತ್ತಾರೆ. ತೋಟಗಳ ನಡುವೆ ದೂರ ದೂರ ಮನೆಗಳಿರುವ ಹಳ್ಳಿಗಳಲ್ಲಿ ನಡೆದು ಹೋಗುವಾಗ ಸಿಗುತ್ತಿದ್ದ ಒಡನಾಟ ಹೀಗೆ ಇಲ್ಲವಾಗಿದೆ. ಮಕ್ಕಳ ಸಂಖ್ಯೆ ತೀರ ಇಳಿದ ಶಾಲೆಯಲ್ಲಿ ಜಗಳವಾಗಿ ‘ಟೂ’ ಬಿಟ್ಟ ಮಗುವಿಗೆ ಬೇರೆ ಜೊತೆಗಾರರೇ ಇರುವುದಿಲ್ಲ. ಅಂಥಲ್ಲಿ ಅಕ್ಕಪಕ್ಕದ ಶಾಲೆಗಳು ಕೂಡಿ ಆಟ, ನಾಟಕ, ಮಕ್ಕಳ ಮೇಳ ನಡೆಸುವುದು ಅಗತ್ಯ.

ಉಪಾಯಗಳು ತಿಳಿದಿವೆ, ಖರ್ಚೂ ಹೆಚ್ಚಿಲ್ಲ. ಶಿಕ್ಷಕರು ವರ್ಷಕ್ಕೆರಡು ಬಾರಿಯಾದರೂ ತಮ್ಮ ತರಗತಿಯ ಗೆಳೆತನದ ನಕ್ಷೆ ಬರೆದು ತಮ್ಮಲ್ಲೇ ಇಟ್ಟುಕೊಳ್ಳಲಿ. ಅದರಲ್ಲಿ ಒಂಟಿಯಾಗಿ ಕಂಡ ಮಗುವಿಗೆ ಮರುದಿನವೇ ಒಬ್ಬ ಜೊತೆಗಾರನನ್ನೂ ಇಬ್ಬರೂ ಕೂಡಿ ಮಾಡುವ ಒಂದು ಕೆಲಸವನ್ನೂ ಕೊಡಲಿ.