ಗೆರಸೆಯ ಮುಂದೆ ಗಡಿಯಾರವಿಲ್ಲ

ವಾರಕ್ಕೆ 48 ಗಂಟೆ ದುಡಿಮೆ ಎಂಬ ಲೆಕ್ಕ ಇಂದು ನಮಗೆ ಸಹಜವೆನಿಸುತ್ತದೆ. ಅದು ನಮ್ಮ ನಾಡಿಗೆ ಬಂದು ಮುಟ್ಟಲು 65 ವರ್ಷ ಹಿಡಿಯಿತು. 1881ರ ಮೊದಲ ಕಾರ್ಖಾನೆ ಕಾಯ್ದೆ ಮಕ್ಕಳ ದುಡಿಮೆಗೆ ದಿನಕ್ಕೆ 9 ಗಂಟೆಯ ಮಿತಿ ಹಾಕಿತೇ ಹೊರತು ದೊಡ್ಡವರ ಗೊಡವೆಗೆ ಹೋಗಲಿಲ್ಲ. 1891ರಲ್ಲಿ ಹೆಂಗಸರಿಗೆ 11 ಗಂಟೆ, 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ 12 ಗಂಟೆ ಎಂದಾಯಿತು.

ಉಡುಪಿ ಸೀಮೆ ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಇಲ್ಲಿ ಕಾರ್ಖಾನೆ ಎಂದರೆ ಮುಖ್ಯವಾಗಿ ಹಂಚಿನ ಕಾರ್ಖಾನೆಯೇ. 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಬಾಸೆಲ್ ಮಿಶನ್, ಮುಂದೆ ಮಲ್ಪೆಯಲ್ಲೂ ಹಂಚು ಸುಡಿಸಿತು. ಕೆಮ್ಮಣ್ಣಿನಂಥ ಊರಿನ ಹೆಸರಿನಲ್ಲೇ ಮಣ್ಣಿರುವ ಕರಾವಳಿಗೆ ಅದು ಒಪ್ಪುವ ಉದ್ಯಮವೇ.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ದಿನಕ್ಕೆ 8, ವಾರಕ್ಕೆ 48 ಗಂಟೆಯ ನಿಯಮ ಮಾಡಿತು. ಆದರೆ ಅದೇ ಒಪ್ಪಂದದ ಇನ್ನೊಂದು ವಿಧಿ ಬ್ರಿಟಿಷ್ ಇಂಡಿಯಾಕ್ಕೆ ಬೇರೆ ಅಳತೆ ಇಟ್ಟಿತು: ವಾರಕ್ಕೆ 60 ಗಂಟೆ. ಮಿತಿಯಿಂದ ಹೊರಗುಳಿಯುವ ಇತಿಹಾಸ ನಮ್ಮಲ್ಲಿ ಹೀಗೆ ಶುರುವಾಯಿತು, ಕಾರ್ಮಿಕರನ್ನು ಕೇಳದೆಯೇ. 1922ರ ಕಾಯ್ದೆ ಆ 60ನ್ನೇ ಬರೆದುಕೊಂಡಿತು. 1934ರಲ್ಲಿ ಅದು 54ಕ್ಕಿಳಿದರೂ ವರ್ಷದ ಕೆಲವು ತಿಂಗಳು ಮಾತ್ರ ನಡೆಯುವ ಕಾರ್ಖಾನೆಗಳಿಗೆ 60ರ ರಿಯಾಯಿತಿ ಉಳಿಯಿತು. 48 ಬಂದದ್ದು 1946ರಲ್ಲಿ, ವೈಸರಾಯ್ ಮಂಡಲಿಯ ಕಾರ್ಮಿಕ ಸದಸ್ಯರಾಗಿದ್ದ ಡಾ. ಅಂಬೇಡ್ಕರ್ ಮಂಡಿಸಿದ ತಿದ್ದುಪಡಿಯಿಂದ. 1948ರ ಕಾಯ್ದೆ ಅದನ್ನು ಉಳಿಸಿಕೊಂಡು, ಮೀರಿದ ದುಡಿಮೆಗೆ ಇಮ್ಮಡಿ ಕೂಲಿ ಎಂದಿತು.

ಇಷ್ಟೆಲ್ಲ ಗೇಟು, ಸೈರನ್ ಇರುವ ಕಡೆಯ ಮಾತು. ಕೆಮ್ಮಣ್ಣಿನಿಂದ ಕಾರ್ಕಳದವರೆಗೆ ಎಷ್ಟೋ ಮನೆಗಳನ್ನು ನಡೆಸಿದ್ದು ಬೀಡಿ. ಎಲೆ ನೆನೆಹಾಕಿ, ಕತ್ತರಿಸಿ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಸುತ್ತಿ, ನೂಲು ಕಟ್ಟಿ ಬ್ರಾಂಚಿಗೆ ಒಯ್ಯುವುದು ಹೆಂಗಸರ ಕೆಲಸ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು. 1966ರ ಬೀಡಿ ಕಾಯ್ದೆಯಲ್ಲೂ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯಿತ್ತು. ಆದರೆ 'ಉದ್ಯಮದ ಆವರಣ'ದಲ್ಲಿ ಮಾಡುವ ಕೆಲಸಕ್ಕೆ. ಮಾಲಿಕರು ಕಾಯ್ದೆಯನ್ನೇ ಪ್ರಶ್ನಿಸಿದಾಗ, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಮನೆಯಲ್ಲಿ ಸುತ್ತುವವರೂ ನೌಕರರೇ ಎಂದಾಯಿತು. ದೊಡ್ಡ ಗೆಲುವೇ ಅದು. ಆದರೂ ಗಂಟೆಯ ಲೆಕ್ಕ ಜಗಲಿಗೆ ಬರಲಿಲ್ಲ. ಅಡುಗೆ, ಹಟ್ಟಿ, ಮಗುವಿನ ನಡುವೆ ಸುತ್ತಿದ ಬೀಡಿಯನ್ನು ಎಣಿಸಬಹುದು, ಹೊತ್ತನ್ನು ಎಣಿಸುವವರು ಯಾರು?

ಈಚೆಗೆ ಕೇಳಿಬರುವುದು 'ಒಪ್ಪಿಗೆ'ಯ ಮಾತು. ಯುರೋಪಿನ 1993ರ ನಿರ್ದೇಶನ ವಾರಕ್ಕೆ 48 ಗಂಟೆ ಎಂದಾಗ, ಕೆಲಸಗಾರ ಬರೆದುಕೊಟ್ಟರೆ ಮಿತಿ ಮೀರಬಹುದೆಂಬ ಬಾಗಿಲನ್ನು ಬ್ರಿಟನ್ ತೆರೆಸಿಕೊಂಡಿತು. ಕರ್ನಾಟಕ ಸರಕಾರ 2020ರ ಮೇಯಲ್ಲಿ ದಿನಕ್ಕೆ 10, ವಾರಕ್ಕೆ 60 ಗಂಟೆಗೆ ಅನುಮತಿ ಕೊಟ್ಟು, ವಿಷಯ ಹೈಕೋರ್ಟಿಗೆ ಹೋದ ಮೇಲೆ ಜೂನ್‌ನಲ್ಲಿ ಹಿಂದೆಗೆದುಕೊಂಡಿತು. 1919ರ ಅದೇ ಅರವತ್ತು! 2023ರ ರಾಜ್ಯ ತಿದ್ದುಪಡಿ ವಾರದ 48ನ್ನು ಮುಟ್ಟದೆ, ಕಾರ್ಮಿಕನ ಲಿಖಿತ ಒಪ್ಪಿಗೆಯಿದ್ದರೆ ದಿನಕ್ಕೆ 12 ಗಂಟೆಯವರೆಗೆ ದಾರಿ ಮಾಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆ, ಕಾರ್ಖಾನೆ ಮತ್ತು ಬೀಡಿ ಕಾಯ್ದೆಗಳೆರಡನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಹೆಚ್ಚುವರಿ ದುಡಿಮೆಗೆ ಒಪ್ಪಿಗೆ, ಇಮ್ಮಡಿ ಕೂಲಿ ಅಲ್ಲೂ ಇವೆ. ಕೆಲಸ ಬೇಕೆಂದು ಗೇಟಿನಲ್ಲಿ ನಿಂತವನು ಆ ಕಾಗದಕ್ಕೆ ರುಜು ಹಾಕದೆ ಇರಬಲ್ಲನೇ ಎಂಬುದನ್ನು ಯಾವ ಸಂಹಿತೆಯೂ ಹೇಳುವುದಿಲ್ಲ. ಬೀಡಿ ಸುತ್ತುವವಳ ಮುಂದೆ ಅಂಥ ಕಾಗದವನ್ನು ಹಿಡಿಯುವ ಅಗತ್ಯವೂ ಬೀಳಲಿಲ್ಲ.